ಲೆಟ್ರೊಜೋಲ್ ಬಿಗಿತಕ್ಕೆ ರಾಗಿ ಪಾತ್ರೆ, ನೀರಿನ ಬಾಟಲಿ: ನನ್ನ ಅನುಭವ

ಸ್ತನ ಕ್ಯಾನ್ಸರ್ ಮರಳದಿರಲಿ ಅಂತ ಈಸ್ಟ್ರೊಜೆನ್ ಹಾರ್ಮೋನ್ ತಗ್ಗಿಸೋಕೆ ಕೊಡುವ ಮಾತ್ರೆ ಲೆಟ್ರೊಜೋಲ್. ಅದನ್ನ 2.5 ಮಿಲಿಗ್ರಾಂ ದಿನಾ ನುಂಗುವವರಿಗೆ ಬೆಳಗಿನ ಬೆರಳು ಬಿಗಿತ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಪೇಸ್ಟಿನ ಮುಚ್ಚಳ ತಿರುಗಲ್ಲ, ರವಿಕೆ ಹುಕ್ಕು ಕೈಗೆ ಸಿಗಲ್ಲ, ಮುದ್ದೆ ಕೋಲು ಹಿಡಿದರೆ ಹಿಡಿತ ಜಾರುತ್ತೆ. ಎರಡು ಮೂರನೇ ತಿಂಗಳಿಗೆ ಶುರುವಾಗಿ ಆರನೇ ತಿಂಗಳಿಗೆ ಜೋರಾಗೋದು ಸಾಮಾನ್ಯ, ನನ್ನದೂ ಅದೇ ಲೆಕ್ಕ. ಮನೆಯವರಿಂದ ಹಿಡಿದು ಮೊದಲು ತೋರಿಸಿದ ಫಿಸಿಯೋವರೆಗೂ ಎಲ್ಲರೂ ಹೇಳಿದ್ದು ಒಂದೇ: ಮೂಳೆ ಮೆತ್ತಗಾಗಿದೆ, ಭಾರ ಎತ್ತಬೇಡಿ, ರೆಸ್ಟ್ ಮಾಡಿ. ಭಾರ ಎತ್ತಿದ ಮೇಲೇ ಬಿಗಿತ ಇಳಿದದ್ದು. ಹತ್ತಕ್ಕೆ 7 ಇದ್ದ ನೋವು ಈಗ 2, ಮಳೆಗಾಲದಲ್ಲಿ 3. ಈಗ ನಾಲ್ಕನೇ ವರ್ಷ, ಮಾತ್ರೆ ನಡೀತಾ ಇದೆ.

ಮೊದಲು ದುಡ್ಡು ಕಳೆದ ಲೆಕ್ಕ ಹೇಳಿಬಿಡ್ತೀನಿ. ಗ್ಲುಕೋಸಮಿನ್ ಮೂರು ತಿಂಗಳು, ಕೊಲ್ಯಾಜನ್ ಪುಡಿ ಎರಡು ಡಬ್ಬ, ಮಂಡಿ ಬೆಲ್ಟು ಒಂದು ಜೊತೆ, ತಾಮ್ರದ ಕಡಗ, ಬಗೆಬಗೆಯ ಎಣ್ಣೆ. ಎಲ್ಲ ಸೇರಿ ಹದಿನೈದು ಸಾವಿರದ ಮೇಲೆ ಹೋಯ್ತು. ಎಣ್ಣೆ ಹಚ್ಚಿ ಉಜ್ಜಿದಾಗ ಅರ್ಧ ಗಂಟೆ ಹಾಯೆನಿಸುತ್ತೆ, ಅಷ್ಟೇ. ಬೆಲ್ಟನ್ನೇ ನೆಚ್ಚಿಕೊಂಡು ಕಾಲು ಆಡಿಸದೆ ಕೂತರೆ ತೊಡೆ ಸೋಲುತ್ತೆ, ತೊಡೆ ಸೋತರೆ ಮಂಡಿ ಇನ್ನೂ ನೋಯುತ್ತೆ. ಕೆಲಸಕ್ಕೆ ಬಂದ ಸಾಮಾನಿಗೆ ಆದ ಖರ್ಚು ಮೂರು ಸಾವಿರದೊಳಗೆ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ನಡಿಗೆಯ ಶೂಗೆ.

ಬೆರಳಿಗೆ ರಾಗಿ ಪಾತ್ರೆ. ಅಗಲ ಬಾಯಿಯ ಐದು ಲೀಟರ್ ಪಾತ್ರೆ, ಎರಡು ಕೇಜಿ ಇಡೀ ರಾಗಿ. ರಾಗಿ ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿಕೊಳ್ಳಿ, ಇಲ್ಲದಿದ್ದರೆ ದೂಳಿಗೆ ಸೀನು. ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸುತ್ತಾ ಬೆಚ್ಚಗೆ ಮಾಡಿ ಪಾತ್ರೆಗೆ ಸುರಿಯೋದು. ಮಣಿಕಟ್ಟಿನ ಒಳಭಾಗಕ್ಕೆ ಹಿತವಾಗಿರಬೇಕು, ಚುರ್ ಅನ್ನಬಾರದು. ಕೈಯನ್ನ ಮಣಿಕಟ್ಟಿನವರೆಗೂ ಹೂತು, ಒಳಗೇ ಮುಷ್ಟಿ ಕಟ್ಟೋದು ಬಿಡೋದು ಇಪ್ಪತ್ತು ಸಲ. ಆಮೇಲೆ ಬೆರಳು ಅಗಲಿಸೋದು ಹತ್ತು ಸಲ. ಕೊನೆಗೆ ರಾಗಿಯೊಳಗೆ ಹದಿನೈದು ಹುಣಸೆಬೀಜ ಬೆರೆಸಿ, ಹೆಬ್ಬೆರಳು ಮತ್ತು ಒಂದೊಂದು ಬೆರಳು ಜೋಡಿಸಿ ಹುಡುಕಿ ತೆಗೆಯೋದು. ಕಿರುಬೆರಳಲ್ಲಿ ತೆಗೆಯೋಕೆ ಮೊದಲ ವಾರ ಅಳು ಬರುತ್ತೆ. ಒಟ್ಟು ಹತ್ತು ನಿಮಿಷ, ಕಾಫಿಗೂ ಮೊದಲು.

ರಾಗಿಯೇ ಯಾಕೆ ಅಂತ ಕೇಳ್ತಾರೆ. ಮರಳು ನೋಡಿದೆ, ಕಾವು ಬಹಳ ಹೊತ್ತು ಹಿಡಿದು ಚರ್ಮ ಕೆಂಪಾಗುತ್ತೆ. ಕಲ್ಲುಪ್ಪು ಕೈ ಒಣಗಿಸಿ ಉಗುರಿನ ಪಕ್ಕ ಸೀಳಿಸುತ್ತೆ, ಕೀಮೋದಲ್ಲಿ ಉಗುರು ಹೋಗಿದ್ದವರಂತೂ ಮುಟ್ಟಲೇಬಾರದು. ಹುರುಳಿಕಾಳು ದಪ್ಪ, ಬೆರಳ ಸಂದಿಗೆ ಇಳಿಯಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಕಾವು ಕೊಡೋಕೆ ಹುರುಳಿಯೇ ಸೈ. ರಾಗಿ ಸಣ್ಣದು, ಉರುಳುತ್ತೆ, ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತೆ. ತಿಂಗಳಿಗೊಮ್ಮೆ ಬದಲಿಸಿ. ದಿನಾ ಕಾಯಿಸಿದ್ದಕ್ಕೆ ಸೀದ ವಾಸನೆ ಹಿಡಿಯುತ್ತೆ, ಹಳೆಯದನ್ನ ಹಕ್ಕಿಗೆ ಹಾಕಿ. ನಾನು ರಾಗಿಗೆ ಇನ್ನೊಂದು ಪದಾರ್ಥ ಒಂದು ಹಿಡಿ ಸೇರಿಸ್ತೀನಿ, ಅದು ನನ್ನ ಹತ್ತಿರವೇ ಇರಲಿ. ಅದಿಲ್ಲದಿದ್ದರೂ ಮುಕ್ಕಾಲು ಪಾಲು ಗುಣ ಸಿಗುತ್ತೆ.

ಎರಡು ಎಚ್ಚರ. ಆಪರೇಷನ್ನಿನಲ್ಲಿ ಕಂಕುಳ ಗಂಟು (ದುಗ್ಧಗ್ರಂಥಿ) ತೆಗೆದಿರುವ ಕಡೆಯ ಕೈಗೆ ಕಾವು ಬೇಡ. ಶಾಖಕ್ಕೆ ರಕ್ತ ಓಡಾಟ ಹೆಚ್ಚಿ ದ್ರವ ತುಂಬುತ್ತೆ, ಅದನ್ನ ವಾಪಸ್ ಎಳೆಯೋ ದಾರಿ ಮೊದಲೇ ಕಮ್ಮಿಯಾಗಿರುತ್ತೆ. ಆ ತಪ್ಪು ಮಾಡಿ ನನ್ನ ಬಲಗೈ ಮೂರು ದಿನ ಉಂಗುರ ಹಿಡಿಯದಷ್ಟು ಬಾತಿತ್ತು. ಅಲ್ಲಿಂದ ಬಲಗೈ ತಣ್ಣನೆ ರಾಗಿಯಲ್ಲೇ, ಎಡಗೈ ಬೆಚ್ಚಗಿನದರಲ್ಲಿ. ಇನ್ನೊಂದು, ಪ್ಯಾಕ್ಲಿಟಾಕ್ಸೆಲ್ ಅನ್ನೋ ಕೀಮೋ ಆಗಿ ಬೆರಳ ತುದಿ ಜೋಮು ಹಿಡಿದಿರುವವರಿಗೆ ಬಿಸಿ ಗೊತ್ತಾಗಲ್ಲ. ಮನೆಯವರ ಕೈಯಲ್ಲಿ ಮುಟ್ಟಿಸಿ ನೋಡಿಯೇ ಇಳಿಸಿ.

ಈಗ ಭಾರ. ಸೋಮವಾರ, ಗುರುವಾರ, ವಾರಕ್ಕೆ ಎರಡೇ ದಿನ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈಯಿಟ್ಟು ದೂಡೋದು, ಹಿಮ್ಮಡಿ ಎತ್ತಿ ನಿಲ್ಲೋದು, ಮಲಗಿ ಸೊಂಟ ಎತ್ತೋದು, ಬಾಟಲಿಯನ್ನ ತೋಳು ಮಡಿಚಿ ಎತ್ತೋದು, ಚೀಲವನ್ನ ಬಗ್ಗಿ ಹೊಟ್ಟೆ ಕಡೆಗೆ ಎಳೆಯೋದು. ಶುರುವಿಗೆ ಅರ್ಧ ಲೀಟರ್ ನೀರಿನ ಬಾಟಲಿ, ಎಂಟೆಂಟು ಸಲ, ಎರಡು ಸುತ್ತು. ಹನ್ನೆರಡು ಸಲ ಸಲೀಸಾಗಿ ಎರಡು ದಿನ ಬಂದರೆ ಮಾತ್ರ ಭಾರ ಏರಿಸೋದು: ಅರ್ಧದಿಂದ ಒಂದು ಲೀಟರ್, ಆಮೇಲೆ ಬಟ್ಟೆ ಚೀಲದಲ್ಲಿ ಎರಡು ಕೇಜಿ ಅಕ್ಕಿ. ಆಪರೇಷನ್ ಆದ ಕಡೆ ಯಾವಾಗಲೂ ಒಂದು ಮೆಟ್ಟಿಲು ಹಿಂದೆ. ಹಿಡಿಗೆ ಹಳೇ ಟವೆಲ್ ಸುತ್ತಿ ಬಾಳೆಹಣ್ಣಿನ ದಪ್ಪ ಮಾಡಿಕೊಳ್ಳಿ, ಬೆರಳು ಪೂರ್ತಿ ಮಡಚಬೇಕಾಗಿಲ್ಲ, ನೋವು ಅಲ್ಲೇ ಅರ್ಧ ತಪ್ಪುತ್ತೆ. ಈ ಟವೆಲ್ ಹೊಳೆಯೋಕೆ ನನಗೆ ಎರಡು ತಿಂಗಳು ಬೇಕಾಯ್ತು.

ಉಳಿದ ಐದು ದಿನ ಅರ್ಧರ್ಧ ಗಂಟೆ ನಡಿಗೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು. ಒಂದೇ ಏಟಿಗೆ ಅರ್ಧ ಗಂಟೆ ಆಗದಿದ್ದರೆ ಹತ್ತತ್ತು ನಿಮಿಷ ಮೂರು ಸಲ. ಇದು ನಾನು ಕನಸು ಕಂಡ ಲೆಕ್ಕ ಅಲ್ಲ. ಯೇಲ್ ವಿಶ್ವವಿದ್ಯಾಲಯದವರು ಈ ಜಾತಿಯ ಮಾತ್ರೆಯಿಂದ ಕೀಲು ನೋವು ಬಂದ 121 ಹೆಂಗಸರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಎರಡು ದಿನ ಭಾರ ಅಂತ ಒಂದು ವರ್ಷ ಪರೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ವ್ಯಾಯಾಮ ಮಾಡಿದ ಗುಂಪಿನಲ್ಲಿ ನೋವು ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿದಿತ್ತು. ಇದನ್ನ ಪ್ರಿಂಟ್ ತೆಗೆದು ಡಾಕ್ಟರ ಮುಂದಿಟ್ಟೆ, ಅವರು ಡೆಕ್ಸಾ (ಮೂಳೆ ಗಟ್ಟಿತನದ ಸ್ಕ್ಯಾನ್) ರಿಪೋರ್ಟ್ ನೋಡಿ ಬಗ್ಗೋದು ತಿರುಚೋದು ಹುಷಾರು, ಮಿಕ್ಕದ್ದು ಮಾಡಿ ಅಂದರು. ಆ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಅಂಕ, ಅಂದರೆ ಟಿ ಸ್ಕೋರ್, ಮೈನಸ್ 2.5ಕ್ಕಿಂತ ಕೆಳಗಿರುವವರು, ಕ್ಯಾನ್ಸರ್ ಮೂಳೆಗೆ ಹರಡಿದೆ ಅಂತ ಗೊತ್ತಿರುವವರು ಕೇಳದೆ ಶುರು ಮಾಡಬೇಡಿ. ಚೀಲ ಬಗ್ಗಿ ಎಳೆಯೋದನ್ನ ಅವರು ಬಿಟ್ಟುಬಿಡೋದೇ ವಾಸಿ.

ಎಲ್ಲರೂ ಕೈಬಿಡೋದು ಎರಡನೇ ಮೂರನೇ ವಾರದಲ್ಲಿ. ಆಗ ನೋವು ಏರುತ್ತೆ, ಖಂಡಿತ ಏರುತ್ತೆ. ನಾನಿಟ್ಟುಕೊಂಡ ಅಳತೆ ಇಷ್ಟು: ಮಾಡಿದ ದಿನ ಎರಡು ಅಂಕ ಏರಿ ಮಾರನೇ ಬೆಳಿಗ್ಗೆ ಇಳಿದಿದ್ದರೆ ಅದು ಮಾಮೂಲಿ. ಮಾರನೇ ದಿನವೂ ಇಳಿಯದಿದ್ದರೆ ಭಾರ ಅರ್ಧ ಮಾಡೋದು, ಪೂರ್ತಿ ಬಿಡೋದಲ್ಲ. ಒಂದೇ ಕೀಲು ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ರಾತ್ರಿ ನಿದ್ದೆಗೆಡಿಸುವಂಥ ಮೂಳೆ ನೋವು ಒಂದೇ ಜಾಗದಲ್ಲಿ ನಿಂತರೆ, ಅದು ಮಾತ್ರೆಯದು ಅಂತ ತಳ್ಳಿಹಾಕದೆ ತೋರಿಸಿ. ನನಗೆ ಮೆಟ್ಟಿಲು ಸಲೀಸಾದದ್ದು ಆರನೇ ವಾರ, ಬೆರಳು ಬಿಟ್ಟದ್ದು ಒಂಬತ್ತೋ ಹತ್ತೋ. ಬಲಗೈ ಬಾವು ನೋಡೋಕೆ ದರ್ಜಿ ಟೇಪು: ಮೊಣಕೈಯಿಂದ ಹತ್ತು ಸೆಂಟಿಮೀಟರ್ ಮೇಲೆ, ಹತ್ತು ಕೆಳಗೆ, ಭಾನುವಾರ ಬೆಳಿಗ್ಗೆ ಎರಡೂ ಕೈ ಅಳೆದು ಕ್ಯಾಲೆಂಡರಿನಲ್ಲಿ ಬರೆಯೋದು. ವ್ಯತ್ಯಾಸ ಎರಡು ಸೆಂಟಿಮೀಟರ್ ಮುಟ್ಟಿದರೆ ಭಾರ ನಿಲ್ಲಿಸಿ ಡಾಕ್ಟರಿಗೆ ತೋರಿಸೋದು. ನನ್ನದು ಒಂದು ದಾಟಿಲ್ಲ.

ಮಾತ್ರೆ ಜೊತೆ ಆಟ ಆಡಿದ್ದೂ ಉಂಟು. ಬೆಳಿಗ್ಗೆ ಬದಲು ರಾತ್ರಿ ನುಂಗಿದೆ: ಬಿಗಿತಕ್ಕೆ ಏನೂ ವ್ಯತ್ಯಾಸವಿಲ್ಲ, ಸುಸ್ತು ಮಾತ್ರ ನಿದ್ದೆಯಲ್ಲಿ ಕಳೆಯುತ್ತೆ, ಹಾಗಾಗಿ ರಾತ್ರಿಯೇ ಉಳಿಸಿಕೊಂಡೆ. ದಿನ ಬಿಟ್ಟು ದಿನ ನುಂಗಿದರೆ ಹಗುರ ಅಂತ ವಾರ್ಡಿನಲ್ಲಿ ಒಬ್ಬರು ಹೇಳಿಕೊಟ್ಟಿದ್ದರು. ಲೆಟ್ರೊಜೋಲ್ ರಕ್ತದಲ್ಲಿ ಅರ್ಧ ಇಳಿಯೋಕೇ ಎರಡು ದಿನದ ಹತ್ತಿರ ಬೇಕು, ಒಂದು ದಿನ ಬಿಟ್ಟರೆ ಕೀಲಿಗೆ ಗೊತ್ತೂ ಆಗಲ್ಲ. ಮಾತ್ರೆ ತಪ್ಪಿಸೋದೇ ಅಭ್ಯಾಸವಾದರೆ ಕ್ಯಾನ್ಸರ್ ಮರಳದಂತೆ ಸಿಗೋ ರಕ್ಷಣೆಗೇ ಕುತ್ತು. ಮಾಡಬೇಡಿ. ಸರಿಯಾದ ದಾರಿ ಡಾಕ್ಟರೇ ಮೂರು ವಾರ ನಿಲ್ಲಿಸಿ ನೋಡೋದು. ನೋವು ಇಳಿದರೆ ಮಾತ್ರೆಯದು ಅಂತ ಖಾತ್ರಿ, ಆಮೇಲೆ ಇದೇ ಜಾತಿಯ ಅನಾಸ್ಟ್ರೊಜೋಲ್ 1 ಅಥವಾ ಎಕ್ಸೆಮೆಸ್ಟೇನ್ 25ಕ್ಕೆ ಬದಲಿಸ್ತಾರೆ. ಎಷ್ಟೋ ಜನಕ್ಕೆ ಇಷ್ಟರಲ್ಲೇ ಮುಗಿಯುತ್ತೆ. ನನಗೆ ಎಕ್ಸೆಮೆಸ್ಟೇನ್ ಒಗ್ಗಲಿಲ್ಲ. ಊಟದ ಮೇಲೇ ನುಂಗಬೇಕು, ಖಾಲಿ ಹೊಟ್ಟೆಗೆ ಸರಿಯಾಗಿ ಹಿಡಿಸಲ್ಲ, ನಾನು ಊಟ ಮಾಡಿ ನುಂಗಿದರೂ ಹೊಟ್ಟೆಯುರಿ. ವಾಪಸ್ ಲೆಟ್ರೊಜೋಲ್.

ಇನ್ನೊಂದು ಅಡ್ಡ ಪ್ರಯೋಗ: ಜನೌಷಧಿ ಮಾತ್ರೆಗೆ ನೋವು ಜಾಸ್ತಿ ಅನ್ನೋ ಮಾತು. ಎರಡು ತಿಂಗಳು ಕಂಪನಿಯದು, ಎರಡು ತಿಂಗಳು ಜನೌಷಧಿಯದು, ದಿನಾ ಅಂಕ ಬರೆದು ನೋಡಿದೆ. ಸರಾಸರಿ ಒಂದೇ. ಖರ್ಚು ಮಾತ್ರ ತಿಂಗಳಿಗೆ ಐನೂರರ ಆಸುಪಾಸಿನಿಂದ ಇನ್ನೂರರ ಒಳಗೆ ಬಂತು.

ಮಾತ್ರೆಯ ಇನ್ನೊಂದು ಕಾಟ, ದಿಢೀರಂತ ಮೈ ಬಿಸಿಯೇರಿ ಬೆವರೋದು. ಈ ಝಳ ಹೊಡೆಯೋದಕ್ಕೆ ನನ್ನ ಹತ್ತಿರ ಅಂಥ ಬ್ರಹ್ಮಾಸ್ತ್ರ ಇಲ್ಲ. ಸಂಜೆ ನಾಲ್ಕರ ಮೇಲೆ ಕಾಫಿ ಇಲ್ಲ, ರಾತ್ರಿ ಖಾರದ ಬಿಸಿ ಸಾರು ಇಲ್ಲ, ಫೋಮ್ ಹಾಸಿಗೆ ಬದಲು ಹತ್ತಿ ಹಾಸಿಗೆ, ಒಳಗೆ ಲೈನಿಂಗ್ ಇಲ್ಲದ ಹತ್ತಿ ರವಿಕೆ. ಇಷ್ಟಕ್ಕೇ ರಾತ್ರಿ ಏಳೆಂಟು ಸಲ ಏಳೋದು ನಾಲ್ಕಕ್ಕೆ ಇಳಿಯಿತು. ಉಳಿದದ್ದಕ್ಕೆ ಡಾಕ್ಟರು ಗ್ಯಾಬಾಪೆಂಟಿನ್ ಅನ್ನೋ ನರದ ಮಾತ್ರೆ ಬರೆದರು. ನೇರ 300 ಮಿಲಿಗ್ರಾಂನಿಂದ ಶುರು ಮಾಡಿದಾಗ ಬೆಳಿಗ್ಗೆ ತಲೆ ತೂಗಿ ಬಚ್ಚಲಲ್ಲಿ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಅವರನ್ನೇ ಕೇಳಿ 100ಕ್ಕೆ ಇಳಿಸಿ, ವಾರಕ್ಕೆ ನೂರರಂತೆ ಏರಿಸಿದ ಮೇಲೆ ಸರಿಹೋಯ್ತು. ಈಗ ರಾತ್ರಿಗೆ ಒಂದು ಸಲ ಎದ್ದರೆ ಹೆಚ್ಚು.

ಸ್ತನ ಕ್ಯಾನ್ಸರಿಗೇ ಕೊಡುವ ಇನ್ನೊಂದು ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಟ್ಯಾಮೊಕ್ಸಿಫೆನ್ ಮೇಲಿರುವವರಿಗೆ ಝಳಕ್ಕೆ ಮಾತ್ರೆ ಬರೆಸಿಕೊಳ್ಳುವಾಗ ಒಂದು ಮಾತು. ಝಳಕ್ಕೂ ಬರೆಯುವ ಖಿನ್ನತೆಯ ಮಾತ್ರೆಗಳಲ್ಲಿ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಬೇಡ, ಟ್ಯಾಮೊಕ್ಸಿಫೆನ್ ಅನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವ ಲಿವರಿನ ಕಿಣ್ವವನ್ನೇ ಅವು ಕಟ್ಟಿಹಾಕ್ತವೆ. ವೆನ್ಲಾಫ್ಯಾಕ್ಸಿನ್‌ಗೆ ಆ ತೊಂದರೆ ಇಲ್ಲವೆನ್ನುವಷ್ಟು ಕಮ್ಮಿ, ಆದರೆ ದಿಢೀರಂತ ನಿಲ್ಲಿಸಬಾರದು. ಅಡುಗೆಯ ಅರಿಶಿನಕ್ಕೆ ಹೆದರಬೇಡಿ. ಕಾಳುಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ ಕ್ಯಾಪ್ಸೂಲ್ ಬೇರೆ ಮಾತು, ಅದು ರಕ್ತದಲ್ಲಿ ಟ್ಯಾಮೊಕ್ಸಿಫೆನ್ ಮಟ್ಟ ಇಳಿಸುತ್ತೆ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಒಂದೇ ಕಾಲಿನ ಮೀನಖಂಡ ಊದಿ ನೋಯ್ದರೂ ಅದೇ ದಿನ ಓಡಿ. ಯೋನಿಯ ಒಣಗುವಿಕೆಗೆ ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ವಾರಕ್ಕೆ ಮೂರು ದಿನ, ನೆನಪಾದಾಗ ಅಲ್ಲ, ತಪ್ಪದೆ. ಗಂಡಸರಿರುವ ಓಪಿಡಿಯಲ್ಲಿ ಇದನ್ನ ಕೇಳೋಕೆ ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ, ನಾನು ಹಾಗೇ ಮಾಡಿದ್ದು.

ಮೂಳೆಯ ಲೆಕ್ಕ. ನನ್ನ ವಿಟಮಿನ್ ಡಿ ಹನ್ನೊಂದೋ ಹನ್ನೆರಡೋ ಇತ್ತು, ಅಂದರೆ ಕಮ್ಮಿ. 60,000 ಯೂನಿಟ್ ಸ್ಯಾಶೆ ವಾರಕ್ಕೊಂದು, ಎಂಟು ವಾರ, ಊಟದ ಮೇಲೆ ಹಾಲಿನಲ್ಲಿ. ಅದು ವಾರಕ್ಕೊಂದು. ದಿನಾ ಕುಡಿದು ಕ್ಯಾಲ್ಸಿಯಂ ಏರಿಸಿಕೊಂಡು ಅಡ್ಮಿಟ್ ಆದವರನ್ನ ನೋಡಿದ್ದೇನೆ. ಕ್ಯಾಲ್ಸಿಯಂ ದಿನಕ್ಕೆ 1,200 ಮಿಲಿಗ್ರಾಂ ಬೇಕು ಅಂತಾರೆ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 350ರ ಹತ್ತಿರ, ಅರ್ಧ ಲೀಟರ್ ಹಾಲಿನಲ್ಲಿ 600. ರಾಗಿಯದ್ದು ಪೂರ್ತಿ ಮೈಗೆ ಹತ್ತಲ್ಲ, ಅದಕ್ಕೇ 500ರ ಮಾತ್ರೆ ಒಂದು, ರಾತ್ರಿ ಊಟದ ಜೊತೆ. ಥೈರಾಯ್ಡ್ ಮಾತ್ರೆ ನುಂಗುವವರು ನಡುವೆ ನಾಲ್ಕು ಗಂಟೆ ಬಿಡಿ.

ಮೂಳೆ ಸವೆಯದಂತೆ ತಡೆಯುವ ಮದ್ದು ಜೋಲೆಡ್ರಾನಿಕ್ ಆಸಿಡ್ 4 ಮಿಲಿಗ್ರಾಂ ಆರು ತಿಂಗಳಿಗೊಮ್ಮೆ ಡ್ರಿಪ್. ಮೊದಲು ಹಲ್ಲು. ಕೀಳಿಸುವ ಹಲ್ಲಿದ್ದರೆ ಡ್ರಿಪ್‌ಗೆ ಮೊದಲೇ ಕೀಳಿಸಿ, ಗಾಯ ಮಾಗಿದ ಮೇಲೆ ಸೂಜಿ. ಆಮೇಲೆ ಕಿತ್ತರೆ ದವಡೆ ಮೂಳೆ ಮಾಗದೆ ಕೊಳೆಯುವ ಅಪಾಯ ಉಂಟು. ಹಿಂದಿನ ದಿನದಿಂದ ನೀರು ಚೆನ್ನಾಗಿ ಕುಡಿಯೋದು, ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಸೋದು, ಕಾಲು ಗಂಟೆಗಿಂತ ಬೇಗ ಹನಿಸೋಕೆ ಬಿಡಬಾರದು. ಮೊದಲ ಡೋಸಿನ ಮಾರನೇ ದಿನ ಚಿಕನ್‌ಗುನ್ಯಾದಂಥ ಮೈಕೈ ನೋವು ಜ್ವರ ಬರಬಹುದು, ಪ್ಯಾರಾಸಿಟಮಾಲ್‌ಗೆ ಎರಡು ದಿನದಲ್ಲಿ ಹೋಗುತ್ತೆ, ಎರಡನೇ ಡೋಸಿಗೆ ಅಷ್ಟು ಕಾಡಲ್ಲ. ಇದೇ ಸೂಜಿಗೆ ಆಸ್ಪತ್ರೆ ಒಳಗಿನ ಅಂಗಡಿಯಲ್ಲೊಂದು ಬೆಲೆ, ಹೊರಗೊಂದು ಬೆಲೆ, ಮೂರು ಪಟ್ಟು ವ್ಯತ್ಯಾಸ ಕಂಡಿದ್ದೇನೆ. ಚೀಟಿಯಲ್ಲಿ ಕಂಪನಿ ಹೆಸರು ಬೇಡ, ಮದ್ದಿನ ಹೆಸರು ಬರೆಯಿರಿ ಅಂತ ಬಾಯಿಬಿಟ್ಟು ಕೇಳಬೇಕು. ಬರೆದು ಕೊಡುವವರ ಮುಖ ಸಣ್ಣದಾಗುತ್ತೆ, ಕೊಡ್ತಾರೆ.

ಬಗೆಹರಿಯದೆ ಉಳಿದದ್ದು ಎರಡು. ರಾತ್ರಿ ಎಡ ಮಣಿಕಟ್ಟು ಜೋಮು ಹಿಡಿಯುತ್ತೆ, ನರ ಒತ್ತಿಕೊಳ್ಳೋದು. ಮುನ್ನೂರೈವತ್ತು ರೂಪಾಯಿಯ ಸ್ಪ್ಲಿಂಟ್ (ಮಣಿಕಟ್ಟು ಮಡಿಚದಂತೆ ಹಿಡಿಯುವ ಪಟ್ಟಿ) ನೇರವಾಗಿ ಕಟ್ಟಿ ಮಲಗಿದರೆ ಬರಲ್ಲ, ಮರೆತ ದಿನ ಮೂರು ಗಂಟೆಗೆ ಎಬ್ಬಿಸುತ್ತೆ. ಬಲ ಉಂಗುರ ಬೆರಳು ಮಡಿಚಿದರೆ ಟಕ್ ಅಂತ ಸಿಕ್ಕಿಕೊಳ್ಳುತ್ತೆ, ಇನ್ನೊಂದು ಕೈಯಲ್ಲಿ ಬಿಡಿಸಬೇಕು. ಅದಕ್ಕೆ ರಾಗಿಯೂ ಆಗಲಿಲ್ಲ, ಬಾಟಲಿಯೂ ಆಗಲಿಲ್ಲ. ಸ್ಟೀರಾಯ್ಡ್ ಸೂಜಿ ಹಾಕ್ತೀವಿ ಅಂತಾರೆ, ಗಂಟು ತೆಗೆದ ಕಡೆಯ ಕೈ ಆದ್ದರಿಂದ ಆಂಕಾಲಜಿ ಡಾಕ್ಟರ ಒಪ್ಪಿಗೆಗೆ ಕಾಯ್ತಾ ಇದ್ದೀನಿ. ಅಲ್ಲಿವರೆಗೂ ಮುದ್ದೆ ಕೋಲನ್ನ ಎಡಗೈಯಲ್ಲೇ ತಿರುವೋದು, ಟವೆಲ್ ಸುತ್ತಿಕೊಂಡು.