ಬೇಲ್ ಆಗಿದೆ, ಶ್ಯೂರಿಟಿ ಇಲ್ಲ

ಬೇಲ್ ಆಗಿಯೂ ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವವರು, ಸಿಗದೆ ಜೈಲಿನಲ್ಲೇ ಉಳಿದವರನ್ನು ಹೊರಗೆ ತರೋದು ಆಗೋ ಕೆಲಸ ಅಲ್ಲ ಅಂದವರಲ್ಲಿ ಮೊದಲಿಗರು ನನ್ನ ಸೀನಿಯರ್. "ಏ ತಮ್ಮಾ, ಬೇಲ್ ಕೊಡಸೋದು ನಮ್ಮ ಕೆಲಸ, ಶ್ಯೂರಿಟಿ ತರೋದು ಪಾರ್ಟಿ ಕೆಲಸ. ಅದನ್ನೂ ನೀನೇ ಮಾಡ್ತೀನಂದ್ರ ನಾಳಿ ಅವರ ಮನಿಗೆ ನೀರೂ ತುಂಬಬೇಕಾಗ್ತದ" ಅಂದಿದ್ದರು. ಬಾರ್ ರೂಮಿನಲ್ಲಿದ್ದವರೆಲ್ಲ ನಕ್ಕರು. ಮೂರು ವರ್ಷದ ಮಾತು ಅದು. ಹೋದ ತಿಂಗಳು ಅದೇ ಸೀನಿಯರ್ ತಮ್ಮ ಜೂನಿಯರನ್ನು ಕರೆದು, "ಅಂವಾ ಆ ಹಸಿರು ಪುಸ್ತಕ ಹೆಂಗ ಬರೀತಾನ ನೋಡ್ಕೊಂಡು ಬಾ" ಅಂದರಂತೆ. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಅಲ್ಲ, ಬಹುಪಾಲು.

ನಾನು ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲ, ಅಂದರೆ ಬಡವರ ಕೇಸು ನಡೆಸಲು ಪ್ರಾಧಿಕಾರ ನೇಮಿಸಿದವನು. ವಾರಕ್ಕೆ ಎರಡು ದಿನ ಜೈಲಿನ ಕಾನೂನು ನೆರವು ಕ್ಲಿನಿಕ್ ಡ್ಯೂಟಿ. ಶುರುವಿನಲ್ಲಿ ಎಲ್ಲರಂತೆ ನಾನೂ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 436-ಎ ಹಿಂದೆ ಬಿದ್ದೆ. ವಿಚಾರಣೆ ಮುಗಿಯುವ ಮೊದಲೇ ಗರಿಷ್ಠ ಶಿಕ್ಷೆಯ ಅರ್ಧ ಜೈಲಿನಲ್ಲಿ ಕಳೆದವರ ಪಟ್ಟಿ ಮಾಡಿ ಹೊರಗೆ ತರೋಣ ಅಂತ. ಎರಡು ತಿಂಗಳು ಕೂತು ಕಸ್ಟಡಿ ವಾರಂಟ್ (ಜೈಲಿನಲ್ಲಿಡಲು ಕೋರ್ಟ್ ಕೊಟ್ಟ ಆದೇಶ) ಓದಿದೆ. ಮೂವತ್ತು ಚಿಲ್ಲರೆ ಹೆಸರು ತೆಗೆದೆ. ಕೊನೆಗೆ ದಕ್ಕಿದ್ದು ಮೂರು. ಐಪಿಸಿ 302, ಅಂದರೆ ಕೊಲೆ ಕೇಸು ಇದ್ದವರು ಹೇಗೂ ಬರಲ್ಲ. ಉಳಿದವರಲ್ಲಿ ಅರ್ಧಕ್ಕರ್ಧ 457, 380, ಅಂದರೆ ರಾತ್ರಿ ಮನೆ ಮುರಿದದ್ದು, ಮನೆಗಳವು. ರಾತ್ರಿ ಮನೆ ಮುರಿದು ಕೊಡ ಕದ್ದರೂ 457ರಲ್ಲಿ ಕಳವಿನ ಉದ್ದೇಶ ಇದ್ದರೆ 14 ವರ್ಷ. ಅದರ ಅರ್ಧ ಅಂದರೆ ಏಳು. ಏಳು ವರ್ಷ ಯಾವ ಕೊಡಗಳ್ಳ ವಿಚಾರಣೆಗೆ ಕಾದಿದ್ದಾನೆ? ಪಟ್ಟಿ ನೋಡಿದ ಮೇಲೆ ನನಗೇ ನಾಚಿಕೆ ಆಯಿತು.

ದಾರಿ ತೋರಿಸಿದ್ದು ಒಳಗಿದ್ದ ಒಬ್ಬ ರೈಟರ್. ಅವನೂ ವಿಚಾರಣಾಧೀನ ಕೈದಿಯೇ, ಅಕ್ಷರ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಕೂರಿಸಿದ್ದರು. "ಸಾಹೇಬ್ರ, ಅರ್ಧ ಶಿಕ್ಷಾ ಆದವರನ್ನ ಯಾಕ ಹುಡುಕ್ತೀರಿ? ಬೇಲ್ ಆಗಿ ಕುಂತವರೇ ಹದಿನೇಳು ಮಂದಿ ಅದಾರಲ್ರೀ" ಅಂದ. ನಾನು ನಂಬಲಿಲ್ಲ. ತಾಳೆ ನೋಡಿದರೆ ಹದಿನೇಳಲ್ಲ, ಹತ್ತೊಂಬತ್ತು. ಒಬ್ಬ ಬೈಕ್ ಕಳವಿನವನು, ಬರೀ 379, ಸಾದಾ ಕಳವು. ಬೇಲ್ ಆಗಿ ಹತ್ತಿರ ಹತ್ತಿರ ವರ್ಷ. ಒಂದು ಲಕ್ಷದ ಬಾಂಡ್ (ಡೇಟಿಗೆ ಬರುತ್ತೇನೆ ಅನ್ನುವ ಮುಚ್ಚಳಿಕೆ), ಅಷ್ಟೇ ಮೊತ್ತಕ್ಕೆ ಇಬ್ಬರು ಶ್ಯೂರಿಟಿ ಅಂತ ಷರತ್ತು. ಅವನ ವಕೀಲರಿಗೆ ಫೋನ್ ಮಾಡಿದರೆ, "ಅವಾ ಇನ್ನೂ ಒಳಗ ಅದಾನೇನು?" ಅಂದರು. ಜೈಲಿನಿಂದಲೇ ವಿಡಿಯೊದಲ್ಲಿ ಹಾಜರಿ ಆಗುತ್ತೆ, ಡೇಟ್ ಬೀಳುತ್ತೆ, ಯಾರಿಗೂ ಗೊತ್ತಾಗಲ್ಲ.

ಹಸಿರು ಪುಸ್ತಕ ಅವತ್ತು ಶುರುವಾಯಿತು. ಒಂದು ಲಾಂಗ್ ಬುಕ್. ಒಬ್ಬರಿಗೆ ಒಂದು ಪುಟ.

ಮೊದಲ ಆರು ತಿಂಗಳು ಶುದ್ಧ ದಡ್ಡತನ. ಶ್ಯೂರಿಟಿ ನಾನೇ ತರ್ತೀನಿ ಅಂತ ಹಳ್ಳಿ ಹಳ್ಳಿ ತಿರುಗಿದೆ. ಬೈಕ್ ಹುಡುಗನ ಅಣ್ಣನಿಗೆ ಎರಡು ಎಕರೆ ಒಣಬೇಸಾಯ. ಮಾತಾಡಿಸಿದೆ, ಚಹಾ ಕೊಟ್ಟ, ತಮ್ಮನ ನೆನಪಾಗಿ ಅತ್ತ, ಪಹಣಿ ಮಾತ್ರ ಕೊಡಲಿಲ್ಲ. "ಪಹಣಿ ಮ್ಯಾಲೆ ಬೋಜಾ ಕೂಡ್ತದ್ರೀ, ಸೊಸೈಟಿಯವ್ರು ಸಾಲಾ ಕೊಡಂಗಿಲ್ಲ." ಅವನ ಹೆದರಿಕೆ ಸುಳ್ಳಲ್ಲ. ಕೋರ್ಟಿನಿಂದ ತಹಶೀಲ್ದಾರರಿಗೆ ಪತ್ರ ಹೋಗಿ 11ನೇ ಕಾಲಂನಲ್ಲಿ ಒಂದು ಸಾಲು ಏರಿದರೆ, ಕೇಸು ಮುಗಿದ ಮೇಲೂ ಅದನ್ನು ಇಳಿಸಲು ಅವನೇ ಓಡಾಡಬೇಕು. ಆ ಊರಿಗೆ ಆರು ಸಲ ಹೋಗಿದ್ದೆ. ಬಸ್ಸು, ಆಟೋ, ಊಟ ಎಲ್ಲ ಸೇರಿ ಎರಡು ಸಾವಿರದ ಮೇಲಾಯಿತು. ಪ್ಯಾನೆಲ್ ಫೀಸು ಬಂದದ್ದು ಮುಂದಿನ ವರ್ಷ, ಅದೂ ಕಂತಿನಲ್ಲಿ. ಆ ಆರು ತಿಂಗಳಲ್ಲಿ ನಾನು ಹೊರಗೆ ತಂದದ್ದು ನಾಲ್ಕು ಜನ, ಕೈಯಿಂದ ಕಳೆದದ್ದು ಹದಿನೆಂಟು ಸಾವಿರದ ಹತ್ತಿರ. ಮನೆಯಲ್ಲಿ ಈ ಲೆಕ್ಕ ಹೇಳಿರಲಿಲ್ಲ. ಈಗ ಓದಿ ಗೊತ್ತಾದರೆ ಆಗಲಿ.

ಬಾಡಿಗೆ ಶ್ಯೂರಿಟಿ ಅಂತಲೂ ಇದೆ, ದುಡ್ಡು ತಗೊಂಡು ಹೊಣೆ ನಿಲ್ಲುವವರು. ನಮ್ಮ ಕಡೆ ಆಗ ಎರಡೂವರೆ ಸಾವಿರ ನಡೆಯುತ್ತಿತ್ತು, ಆಧಾರ್ ತಾಳೆ ನೋಡುವುದು ಬಿಗಿಯಾದ ಮೇಲೆ ಐದಕ್ಕೇರಿತು. ಒಂದು ಸಂಜೆ ನನಗೂ ಆಸೆ ಹುಟ್ಟಿತ್ತು, ಸುಳ್ಳು ಹೇಳಲ್ಲ. ಮರುವಾರವೇ ಒಂದೇ ಪಹಣಿ ಹನ್ನೊಂದು ಕೇಸಿನಲ್ಲಿ ನಿಂತದ್ದು ಸಿಕ್ಕಿಬಿದ್ದು ಗಲಾಟೆ ಆಯಿತು. ಅಲ್ಲಿಗೆ ಆ ಆಸೆ ಸತ್ತಿತು.

ನನ್ನ ದಾರಿ ತಿರುಗಿದ್ದು 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನ ಓದಿದಾಗ. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಸೂಪರಿಂಟೆಂಡೆಂಟರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಕೈದಿಯ ಆರ್ಥಿಕ ಸ್ಥಿತಿಯ ವರದಿ ಮಾಡಿಸಿ ಷರತ್ತು ಸಡಿಲಿಸಲು ಕೋರ್ಟಿನ ಮುಂದಿಡಬಹುದು, ಒಂದು ತಿಂಗಳಾದರೂ ಬಾಂಡ್ ಬರದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಮರುಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕು ಅನ್ನುವ ಹಟದಿಂದ ಬಿಡುಗಡೆ ತಡ ಆಗುತ್ತದೆ ಅನ್ನುವುದನ್ನೂ ಅದರಲ್ಲೇ ಹೇಳಿದೆ. ನಾನು ಶ್ಯೂರಿಟಿ ಹುಡುಕುತ್ತಿದ್ದೆ; ಹುಡುಕಬೇಕಾಗಿದ್ದದ್ದು ಷರತ್ತು ಬದಲಿಸುವ ದಾರಿ.

ಮೊದಲ ಐದು ಅರ್ಜಿ ವಜಾ. ತಪ್ಪು ನನ್ನದೇ. ಬಡ ಕೈದಿಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಹಳೇ ತೀರ್ಪುಗಳನ್ನು ಹಿಡಿದು, ಮೋತಿ ರಾಮ್ ತೀರ್ಪಿನಿಂದ ಶುರು ಮಾಡಿ ಹುಸೇನಾರಾ ಖಾತೂನ್ ತನಕ ನಾಲ್ಕು ಪುಟ ತುಂಬುತ್ತಿದ್ದೆ. 1978ರಲ್ಲಿ ಮೋತಿ ರಾಮ್ ಅನ್ನುವ ಗೌಂಡಿಗೆ ಹತ್ತು ಸಾವಿರದ ಶ್ಯೂರಿಟಿ ಕೇಳಿದ ಕಥೆ ಯಾವ ಮ್ಯಾಜಿಸ್ಟ್ರೇಟರಿಗೆ ಗೊತ್ತಿಲ್ಲ? ಒಬ್ಬರು ಓಪನ್ ಕೋರ್ಟಿನಲ್ಲೇ ಕೇಳಿದರು: "ವಕೀಲರೇ, ಕಾನೂನು ನನಗೂ ಗೊತ್ತು. ಇವನು ವಾಪಸ್ ಬರ್ತಾನೆ ಅಂತ ಹೇಳೋರು ಯಾರು?"

ಆ ಪ್ರಶ್ನೆಗೆ ಉತ್ತರವೇ ನನ್ನ ಈಗಿನ ಅರ್ಜಿ. ಒಂದೇ ಪುಟ. ಕಾನೂನಿಗೆ ಎರಡು ಸಾಲು. ಬೇಲ್ ಆದ ದಿನಾಂಕ, ಇವತ್ತಿಗೆ ಎಷ್ಟು ದಿನ, ಜೈಲಿನ ಪತ್ರ, ಪಿಎಲ್‌ವಿ (ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕ) ವರದಿ, ರೇಷನ್ ಕಾರ್ಡು, ಮನೆ ಮುಂದೆ ಮನೆಯವರನ್ನು ನಿಲ್ಲಿಸಿ ತೆಗೆದ ಫೋಟೋ. ಮತ್ತೆ, ಊರಿನಲ್ಲಿ ಇವನನ್ನು ಬಲ್ಲ ಒಬ್ಬರ ಹೆಸರು, ಫೋನು. ಬರೀ ಬಿಟ್ಟುಬಿಡಿ ಅಂತ ಕೇಳಲ್ಲ. ಶ್ಯೂರಿಟಿ ಇಲ್ಲದ ವೈಯಕ್ತಿಕ ಬಾಂಡ್, ಹದಿನೈದು ದಿನಕ್ಕೊಮ್ಮೆ ಹತ್ತಿರದ ಠಾಣೆಯಲ್ಲಿ ಸಹಿ ಅಂತ ನಾನೇ ಷರತ್ತು ಬರೆದುಕೊಡುತ್ತೇನೆ. ಮುಂದಿನ ಹತ್ತರಲ್ಲಿ ಏಳು ಪಾಸಾದವು.

ಆ "ಬಲ್ಲವರು" ಯಾರು ಅನ್ನುವುದಕ್ಕೆ ಬಹಳ ಒದ್ದಾಡಿದ್ದೇನೆ. ಊರ ಗೌಡರು ಆಗಲಿಲ್ಲ, ಅವರಿಗೆ ಹುಡುಗ ಒಳಗಿದ್ದರೇ ಅನುಕೂಲ. ಪಂಚಾಯಿತಿ ಸದಸ್ಯರು ರಾಜಕೀಯ ಪಾರ್ಟಿ ನೋಡುತ್ತಾರೆ. ಮಧ್ಯೆ ಐವತ್ತು ಪೈಸೆಯ ಪೋಸ್ಟ್ ಕಾರ್ಡಿನ ಪ್ರಯೋಗವನ್ನೂ ಮಾಡಿದೆ. ಅರವತ್ತು ಕಾರ್ಡು ಬರೆದೆ, ಉತ್ತರ ಬಂದದ್ದು ಎರಡು, ಅದರಲ್ಲೊಂದು ನನಗೇ ಬೈದು ಬರೆದದ್ದು. ಕೊನೆಗೆ ಹತ್ತಿದ್ದು ನ್ಯಾಯಬೆಲೆ ಅಂಗಡಿಯವರು. ತಿಂಗಳಿಗೊಮ್ಮೆ ಪ್ರತಿ ಮನೆಯ ಹೆಬ್ಬೆಟ್ಟು ನೋಡುವವರು. ಯಾರು ಪುಣೆಗೆ ಹೋಗಿದ್ದಾರೆ, ಯಾರ ಮಗ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ, ಎಲ್ಲ ಬಾಯಲ್ಲೇ ಇರುತ್ತದೆ. ಅವರಿಗೆ ಏನು ಹೇಳಿ ಒಪ್ಪಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅರ್ಜಿಯನ್ನು ದಿನದ ಯಾವ ಹೊತ್ತಿಗೆ ಮೂವ್ ಮಾಡುತ್ತೇನೆ ಅನ್ನುವುದೂ.

ಷರತ್ತು ಸಡಿಲಿಸಿ ರಿಲೀಸ್ ಆರ್ಡರ್ ಕೈಯಲ್ಲಿ ಹಿಡಿದು ಸಂಜೆ ಐದಕ್ಕೆ ಜೈಲಿನ ಗೇಟಿಗೆ ಹೋದ ಒಂದು ದಿನ ಮರೆಯಲ್ಲ. ತಾಯಿ ಹೊರಗೆ ನಿಂತಿದ್ದರು, ಹೊಸ ಅಂಗಿ ತಂದಿದ್ದರು. ಜೈಲರ್ ಸಾಹೇಬರು ರಿಜಿಸ್ಟರ್ ತಿರುವಿ, "ಇವನ ಮ್ಯಾಲೆ ಇನ್ನೊಂದು ಠಾಣೆ ಬಾಡಿ ವಾರಂಟ್ ಅದ ವಕೀಲ್ರೇ" ಅಂದರು. ಬೇರೆ ಕೇಸಿಗೆ ಅವನನ್ನು ಹಾಜರುಪಡಿಸಿ ಅನ್ನುವ ಕೋರ್ಟ್ ಆದೇಶ ಅದು, ಅದಿದ್ದರೆ ಬಿಡಲ್ಲ. ಆಮೇಲಿಂದ ಪುಟದ ಮೊದಲ ಸಾಲೇ ಇದು: ಬೇರೆ ಎಷ್ಟು ಕೇಸು, ಯಾವ ಯಾವ ಠಾಣೆ. ಆ ಹುಡುಗನಿಗೆ ಒಟ್ಟು ಆರು ಕೇಸು, ಕೇಸಿಗಿಬ್ಬರಂತೆ ಹನ್ನೆರಡು ಶ್ಯೂರಿಟಿ. 2024ರ ಆಗಸ್ಟ್‌ನಲ್ಲಿ ಗಿರೀಶ್ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹದಿಮೂರು ಎಫ್‌ಐಆರ್ ಇದ್ದವನಿಗೆ ಪ್ರತಿ ಕೇಸಿಗೂ ಬೇರೆ ಬೇರೆ ಶ್ಯೂರಿಟಿ ಬೇಡ ಅಂತ ಬಿಟ್ಟಿತಲ್ಲ, ಅದನ್ನು ಹಿಡಿದು ಆರಕ್ಕೂ ಇಬ್ಬರನ್ನೇ ಒಪ್ಪಿಸಿದೆವು. ಅವನು ಹೊರಬಂದಾಗ ಆ ಅಂಗಿ ಸಣ್ಣದಾಗಿತ್ತು.

ಪುಸ್ತಕ ಬರೆಯುತ್ತಾ ಒಂದು ಅಡ್ಡಲಾಭ ಆಯಿತು. ಗಡುವಿನೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಬೇಲ್ ಹಕ್ಕಾಗುತ್ತದೆ, ಅದೇ ಡಿಫಾಲ್ಟ್ ಬೇಲ್. ಮೊದಲ ರಿಮಾಂಡ್ ಆದ ದಿನ ಬರೆದಿಡುವುದರಿಂದ 61ನೇ ದಿನ ತಾನಾಗಿ ಕಣ್ಣಿಗೆ ಬೀಳುತ್ತದೆ. 457ಕ್ಕೆ 14 ವರ್ಷ ಇರುವುದರಿಂದ ಚಾರ್ಜ್‌ಶೀಟಿಗೆ 90 ದಿನ ಅಂತ ಎಲ್ಲರೂ ಎಣಿಸುತ್ತಿದ್ದರು. 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಓದಿ: 90 ದಿನಕ್ಕೆ ಮರಣದಂಡನೆ, ಜೀವಾವಧಿ ಇರಬೇಕು ಅಥವಾ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ ಇರಬೇಕು, ಇಲ್ಲದಿದ್ದರೆ 60. ಹಳೇ ಸಂಹಿತೆಯ ಕೇಸುಗಳಲ್ಲಿ ಹೀಗೆ ಎಂಟೋ ಒಂಬತ್ತೋ ಡಿಫಾಲ್ಟ್ ಬೇಲ್ ತೆಗೆದೆ. ಬೆಳಿಗ್ಗೆ ಕೋರ್ಟ್ ಕೂರುವ ಮೊದಲೇ ಅರ್ಜಿ ಕೊಡಬೇಕು, ಮಧ್ಯಾಹ್ನ ಚಾರ್ಜ್‌ಶೀಟ್ ಬಂದೇ ಬರುತ್ತದೆ. ಹೊಸ ಸಂಹಿತೆ ಬಿಎನ್‌ಎಸ್‌ಎಸ್‌ನ 187ರಲ್ಲಿ ಪದ ಬದಲಾಗಿದೆ, "ಹತ್ತು ವರ್ಷ ಅಥವಾ ಹೆಚ್ಚು" ಅಂತ. ಅಲ್ಲಿ ಈ ದಾರಿ ಅಷ್ಟು ಸಲೀಸಲ್ಲ.

436-ಎ ಜಾಗಕ್ಕೆ ಹೊಸ ಸಂಹಿತೆಯ 479 ಬಂದ ಮೇಲೆ, ಹಿಂದೆಂದೂ ಶಿಕ್ಷೆ ಆಗದವರಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಸಾಕು ಅಂತಾಯಿತು, ಹಳೇ ಕೇಸಿಗೂ ಅನ್ವಯ ಅಂತ 2024ರ ಆಗಸ್ಟ್‌ನಲ್ಲೇ ಆದೇಶ ಬಂತು. ನನ್ನ ಅನುಭವದಲ್ಲಿ ಇದರಿಂದ ದಕ್ಕಿದ್ದು ಕಡಿಮೆ. ಒಂದಕ್ಕಿಂತ ಹೆಚ್ಚು ಕೇಸಿದ್ದರೆ ಕಾನೂನೇ ಬಾಗಿಲು ಹಾಕುತ್ತದೆ, ನಮ್ಮವರಿಗೆ ಒಂದೇ ಕೇಸು ಇರುವುದು ಅಪರೂಪ.

ಬಡ ಕೈದಿಗಳ ಬಿಡುಗಡೆಗೆ ಹಣ ಕೊಡುವ ಕೇಂದ್ರದ ಯೋಜನೆ ಇದೆ, ಶುರುವಿನಲ್ಲಿ ವಿಚಾರಣಾಧೀನರಿಗೆ 40 ಸಾವಿರದ ತನಕ ಇತ್ತು. ನಮ್ಮಲ್ಲಿ ಮೊದಲ ಪ್ರಸ್ತಾವನೆ ಮೂರು ಸಲ ವಾಪಸ್ ಬಂತು. ಐದು ತಿಂಗಳು. ಅಷ್ಟರಲ್ಲಿ ಷರತ್ತು ಸಡಿಲಿಸಿ ಅವನನ್ನು ಮನೆಗೇ ಕಳಿಸಿದ್ದೆ. ಆಮೇಲೆ ಇಬ್ಬರಿಗೆ ಹಣ ಬಂದದ್ದು ನಿಜ, ಸುಮ್ಮನೆ ಬೈಯಬಾರದು.

ಒಟ್ಟು ಲೆಕ್ಕ ಕೇಳಿದರೆ, ಹೊರಬಂದವರು ನೂರಾ ಹತ್ತೋ ನೂರಾ ಇಪ್ಪತ್ತೋ ಜನ. ಶುರುವಿನಲ್ಲಿ ಒಬ್ಬರಿಗೆ ನಾಲ್ಕೂವರೆ ಸಾವಿರ ಬೀಳುತ್ತಿದ್ದದ್ದು ಈಗ ಇನ್ನೂರೈವತ್ತಕ್ಕೆ ಇಳಿದಿದೆ, ಜೆರಾಕ್ಸು, ಫೋಟೋ, ಪಿಎಲ್‌ವಿ ಪೆಟ್ರೋಲು ಸೇರಿ. ಡೇಟಿಗೆ ಬಾರದೆ ಕೈಕೊಟ್ಟವರು ಮೂವರು. ಒಬ್ಬ ನಾನು ಎಲ್ಲರೆದುರು ಹೊಗಳಿಕೊಂಡಿದ್ದ ಕೇಸೇ. ಅವನ ಮೇಲೆ ಜಾಮೀನುರಹಿತ ವಾರಂಟ್ ಆದ ದಿನ ಮ್ಯಾಜಿಸ್ಟ್ರೇಟರು ನನ್ನ ಕಡೆ ನೋಡಿದ ನೋಟ ಇನ್ನೂ ಚುಚ್ಚುತ್ತದೆ. ಬೈಕ್ ಹುಡುಗ ಮಾತ್ರ ಒಂದು ಡೇಟೂ ತಪ್ಪಿಸಿಲ್ಲ, ಸಾಕ್ಷಿಗಳೇ ಬರುತ್ತಿಲ್ಲ.

ಇದು ನಾಲ್ಕನೇ ಪುಸ್ತಕ. ಇವತ್ತಿಗೆ ಇನ್ನೂ ಒಳಗಿರುವವರ ಪುಟ ಏಳು. ಮೇಲಿನದು ಒಡಿಶಾದ ಹುಡುಗನದು, ಇಟ್ಟಂಗಿ ಭಟ್ಟಿಗೆ ಬಂದವನು. ಅವನೂರಿನ ರೇಷನ್ ಅಂಗಡಿಯವರ ನಂಬರ್ ನಿನ್ನೆ ಸಿಕ್ಕಿದೆ. ಅವರಿಗೆ ಕನ್ನಡ ಬರಲ್ಲ, ನನಗೆ ಒಡಿಯಾ ಬರಲ್ಲ. ಸೋಮವಾರ ಭಟ್ಟಿಯ ಮೇಸ್ತ್ರಿಯನ್ನು ಕೂರಿಸಿಕೊಂಡು ಫೋನ್ ಹಚ್ಚಬೇಕು.