ಊರಿನವರು ಹಾಕಿದ ಫೋಟೊ, ಆಸ್ಟ್ರೇಲಿಯಾದ ಕಾನೂನು: ತೆಗೆಸುವುದು ಹೇಗೆ?

ಮೈಸೂರಿನ ಛತ್ರವೊಂದರಲ್ಲಿ ಅರಿಶಿನದ ನೀರು ಹಾಕುವಾಗ ತೆಗೆದ ಫೋಟೊ. ತಲೆಯಿಂದ ನೀರು ಇಳಿಯುತ್ತಿದೆ, ಸೀರೆ ಮೈಗೆ ಅಂಟಿದೆ, ಕಣ್ಣು ಅರ್ಧ ಮುಚ್ಚಿದೆ. ಸ್ಟುಡಿಯೋದವರು ಅದನ್ನು ತಮ್ಮ ಫೇಸ್‌ಬುಕ್ ಪೇಜಿಗೆ ಹಾಕಿ ಟ್ಯಾಗ್ ಮಾಡಿಬಿಟ್ಟಿದ್ದಾರೆ. ಮದುಮಗಳು ಈಗ ಮೆಲ್ಬರ್ನಿನಲ್ಲಿ ಕೆಲಸಕ್ಕಿದ್ದಾಳೆ. ಇಂಥದ್ದಕ್ಕೆ ಆಸ್ಟ್ರೇಲಿಯಾದಲ್ಲಿ ಏನು ದಾರಿ?

ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ಫೋಟೊ ಬರೀ ಮುಜುಗರದ್ದೋ, ಖಾಸಗಿಯದ್ದೋ? ಎರಡಕ್ಕೂ ದಾರಿ ಬೇರೆ. ಇಲ್ಲಿ ತಪ್ಪಿದರೆ ದಿನಗಟ್ಟಲೆ ವ್ಯರ್ಥ.

ನಗ್ನ, ಅರೆನಗ್ನ ಚಿತ್ರಗಳು, ಲೈಂಗಿಕ ಕ್ರಿಯೆಯ ಚಿತ್ರಗಳು, ಮರೆಯಲ್ಲಿ ಸ್ನಾನ ಮಾಡುವಾಗಲೋ ಬಟ್ಟೆ ಬದಲಿಸುವಾಗಲೋ ತೆಗೆದವು ಕಾನೂನಿನ ಕಣ್ಣಲ್ಲಿ ಖಾಸಗಿ. ಎಐ ಬಳಸಿ ಮುಖ ಅಂಟಿಸಿದ್ದೂ ಇದರಲ್ಲೇ ಸೇರುತ್ತದೆ. ಹೊರಗೆ ಸದಾ ಹಿಜಾಬ್ ಅಥವಾ ಪೇಟ ಧರಿಸುವವರನ್ನು ಅದಿಲ್ಲದೆ ತೋರಿಸಿದ ಚಿತ್ರವೂ ಸೇರಬಹುದೆಂಬುದು ಹಲವರಿಗೆ ಗೊತ್ತಿಲ್ಲ. ನೂರು ಜನರ ಎದುರಿನ ನೀರು ಹಾಕುವ ಶಾಸ್ತ್ರ ಈ ಲೆಕ್ಕಕ್ಕೆ ಬರುವುದು ಕಷ್ಟ. ಅದು ಮುಜುಗರದ ಸಾಲಿಗೇ ಹೋಗುತ್ತದೆ.

ಖಾಸಗಿ ಚಿತ್ರವಾದರೆ ನೇರವಾಗಿ ಇ-ಸೇಫ್ಟಿ ಕಮಿಷನರ್ ವೆಬ್‌ಸೈಟಿಗೆ ಹೋಗಿ. ಇದು ಸರ್ಕಾರಿ ಸಂಸ್ಥೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 2021ರ ಆನ್‌ಲೈನ್ ಸುರಕ್ಷತಾ ಕಾಯ್ದೆ 2022ರ ಜನವರಿ 23ರಿಂದ ಜಾರಿಯಲ್ಲಿದೆ. ಅದರಡಿ ಇವರು ತೆಗೆಯುವಂತೆ ನೋಟಿಸ್ ಕೊಟ್ಟರೆ ಸಾಮಾನ್ಯವಾಗಿ 24 ಗಂಟೆಯೊಳಗೆ ತೆಗೆಯಬೇಕು. ಚಿತ್ರದಲ್ಲಿರುವವರಾಗಲಿ ಹಾಕಿದವರಾಗಲಿ, ಒಬ್ಬರು ಆಸ್ಟ್ರೇಲಿಯಾದ ನಿವಾಸಿಯಾಗಿದ್ದರೆ ಸಾಕು. ಮಂಡ್ಯದಲ್ಲಿ ಕೂತವನು ಸಿಡ್ನಿಯ ಹುಡುಗಿಯ ಚಿತ್ರ ಹಾಕಿದರೂ ದೂರು ನಿಲ್ಲುತ್ತದೆ. ಸಿಡ್ನಿಯಲ್ಲಿರುವವನು ಮಂಡ್ಯದ ಹುಡುಗಿಯದನ್ನು ಹಾಕಿದರೂ ಅಷ್ಟೇ. "ಹಾಕಿಬಿಡ್ತೀನಿ" ಎಂಬ ಬೆದರಿಕೆಗೂ ದೂರು ಕೊಡಬಹುದು. ಚಿತ್ರವನ್ನು ನೀವೇ ಕಳಿಸಿದ್ದರೂ ಹೆದರಬೇಡಿ. ಕಳಿಸಲು ಒಪ್ಪಿದ್ದು ಬೇರೆ, ಊರಿಗೆಲ್ಲ ತೋರಿಸಲು ಒಪ್ಪಿದ್ದು ಬೇರೆ. ದುಡ್ಡು ಕೇಳಿದರೆ ಕೊಡಲೇಬೇಡಿ. ಒಮ್ಮೆ ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ.

ದೂರಿಗೆ ಮುಂಚೆ ಸಾಕ್ಷಿ ಕೂಡಿಡಿ. ಬರೀ ಸ್ಕ್ರೀನ್‌ಶಾಟ್ ಸಾಲದು. ಪೋಸ್ಟಿನ ಲಿಂಕ್, ಹಾಕಿದವರ ಪ್ರೊಫೈಲಿನ ಲಿಂಕ್, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ತೋರುವ ಹೆಸರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಆದ್ದರಿಂದ ಯೂಸರ್‌ನೇಮ್ ಕಾಣಬೇಕು. ಸ್ಟೋರಿಯಾದರೆ 24 ಗಂಟೆಗೆ ಮಾಯವಾಗುತ್ತದೆ, ಕಂಡ ತಕ್ಷಣ ಸೆರೆಹಿಡಿಯಿರಿ. ಆದರೆ 18 ತುಂಬದವರ ಖಾಸಗಿ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆಯಲೇಬೇಡಿ, ಯಾರಿಗೂ ಕಳಿಸಬೇಡಿ. ಅದನ್ನು ಇಟ್ಟುಕೊಳ್ಳುವುದೇ ಅಪರಾಧವಾಗಬಹುದು. ಲಿಂಕ್ ಸಾಕು.

ಚಿತ್ರ ಇನ್ನೂ ಹರಡಿಲ್ಲ, ಹರಡುವ ಭಯವಿದೆ ಎಂದರೆ ಸ್ಟಾಪ್‌ಎನ್‌ಸಿಐಐ (StopNCII.org) ಎಂಬ ವೆಬ್‌ಸೈಟ್ ಬಳಸಿ. ನಿಮ್ಮ ಫೋನಿನಲ್ಲೇ ಚಿತ್ರದ ಡಿಜಿಟಲ್ ಬೆರಳಚ್ಚು ತಯಾರಾಗುತ್ತದೆ, ಚಿತ್ರ ಹೊರಗೆ ಹೋಗುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್ ಮುಂತಾದವು ಆ ಗುರುತು ನೋಡಿ ತಡೆಯುತ್ತವೆ. ವಾಟ್ಸ್ಆ್ಯಪ್ ಚಾಟಿನೊಳಗೆ ಮಾತ್ರ ಇದು ನಡೆಯದು. 18ರೊಳಗಿನ ವಯಸ್ಸಿನಲ್ಲಿ ತೆಗೆದ ಚಿತ್ರಕ್ಕೆ ಟೇಕ್ ಇಟ್ ಡೌನ್ ಎಂಬ ಇನ್ನೊಂದು ಸೇವೆ ಇದೆ.

ಇನ್ನು ಬರೀ ಮುಜುಗರದ ಫೋಟೊ. ಇಲ್ಲಿ ಕಾನೂನಿನ ಬಲ ಕಡಿಮೆ ಎಂದು ಮೊದಲೇ ತಿಳಿದಿರಿ. ಆಸ್ಟ್ರೇಲಿಯಾದ ಖಾಸಗಿತನ ಕಾಯ್ದೆ ಸ್ವಂತ ಖಾತೆಯಲ್ಲಿ ಹಾಕುವ ವ್ಯಕ್ತಿಗಳಿಗೆ ಅನ್ವಯಿಸುವುದಿಲ್ಲ. ವರ್ಷಕ್ಕೆ 30 ಲಕ್ಷ ಡಾಲರ್‌ವರೆಗಿನ ವಹಿವಾಟಿನ ಹೆಚ್ಚಿನ ಸಣ್ಣ ವ್ಯಾಪಾರಗಳಿಗೂ ಇಲ್ಲ. 2025ರ ಜೂನ್ 10ರಿಂದ ಖಾಸಗಿತನದ ಗಂಭೀರ ಉಲ್ಲಂಘನೆಗೆ ದಾವೆ ಹೂಡಬಹುದು. ಆದರೆ ನಿದ್ದೆಗಣ್ಣಿನ ಫೋಟೊಗೆ ಕೋರ್ಟು ಹತ್ತುವುದು ಯಾರಿಗೂ ಬೇಡ. ನಮ್ಮ ಅನಿಸಿಕೆಯಲ್ಲಿ ಇಲ್ಲಿ ಕೆಲಸ ಮಾಡುವುದು ನೇರ, ಮೆತ್ತಗಿನ ಮಾತು:

"ಅಣ್ಣಾ, ನಮ್ಮ ಮದುವೆಯ ನೀರು ಹಾಕೋ ಫೋಟೊ ನಿಮ್ಮ ಪೇಜಲ್ಲಿದೆ, ಲಿಂಕ್ ಕೆಳಗಿದೆ. ದಯವಿಟ್ಟು ಇವತ್ತೇ ತೆಗೆದುಬಿಡಿ. ಧಾರೆ ಫೋಟೊ ಇದ್ರೆ ಪರವಾಗಿಲ್ಲ, ಇರಲಿ."

ಕಾಮೆಂಟಿನಲ್ಲಿ ಇದನ್ನು ಬರೆಯಬೇಡಿ. ಕಾಮೆಂಟ್ ಬಿದ್ದಷ್ಟೂ ಪೋಸ್ಟ್ ಹೆಚ್ಚು ಜನರಿಗೆ ಕಾಣಬಹುದು. ಕಾಯುವಷ್ಟರಲ್ಲಿ ಟ್ಯಾಗ್ ಕಿತ್ತುಹಾಕಿ, ಸೆಟ್ಟಿಂಗ್ಸ್‌ನಲ್ಲಿ ಟ್ಯಾಗ್‌ಗೆ ನಿಮ್ಮ ಒಪ್ಪಿಗೆ ಬೇಕೆಂದು ಮಾಡಿಕೊಳ್ಳಿ. ರಿಪೋರ್ಟ್ ಮಾಡುವಾಗ "ನನಗೆ ಇಷ್ಟವಿಲ್ಲ" ಎಂಬುದನ್ನು ಒತ್ತಿದರೆ ಫೋಟೊ ಹೋಗುವುದಿಲ್ಲ. ಕಿರುಕುಳ ಅಥವಾ ಖಾಸಗಿತನದಲ್ಲಿ ಸರಿಹೊಂದುವುದನ್ನು ಆರಿಸಿ. ಇಪ್ಪತ್ತು ಗೆಳೆಯರಿಂದ ರಿಪೋರ್ಟ್ ಮಾಡಿಸಿ ಉಪಯೋಗವಿಲ್ಲ, ಇನ್ನಿಪ್ಪತ್ತು ಜನ ನೋಡಿದಂತಾಗುತ್ತದೆ. ಸೆಲ್ಫಿಯಾದರೆ ಕಾಪಿರೈಟ್ ನಿಮ್ಮದು, ಆ ದೂರು ಬೇಗ ನಡೆಯಬಹುದು. ಆದರೆ ನಿಮ್ಮ ಹೆಸರು, ಇಮೇಲ್ ಎದುರಿನವರಿಗೆ ತಲುಪಬಹುದು. ಬೆದರಿಸುವವನ ಮೇಲೆ ಇದನ್ನು ಬಳಸಬೇಡಿ.

ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಬಿದ್ದರೆ ಗಡಿಯಾರ ನೋಡಬೇಕು. ಹಾಕಿದವರು ಎಲ್ಲರಿಂದಲೂ ಅಳಿಸಲು ಸುಮಾರು ಎರಡು ದಿನವಷ್ಟೇ ಸಮಯ. ಅಡ್ಮಿನ್ ಕೂಡ ಬೇರೆಯವರ ಮೆಸೇಜ್ ಅಳಿಸಬಹುದು, ಆದ್ದರಿಂದ ಅಡ್ಮಿನ್ ಆಗಿರುವ ಚಿಕ್ಕಪ್ಪನಿಗೆ ಕೂಡಲೇ ಫೋನ್ ಮಾಡಿ. ಅಷ್ಟರಲ್ಲಿ ಫಾರ್ವರ್ಡ್ ಆದದ್ದು, ಗ್ಯಾಲರಿಗೆ ಇಳಿದದ್ದು ಇದರಿಂದ ಹೋಗುವುದಿಲ್ಲ.

ಪೋಸ್ಟ್ ಹೋದಮೇಲೂ ಗೂಗಲ್ ಹುಡುಕಾಟದಲ್ಲಿ ಸಣ್ಣ ಚಿತ್ರ ಉಳಿದಿರಬಹುದು. ಹಳೆಯ ಫಲಿತಾಂಶ ತೆಗೆಸಲು ಗೂಗಲ್‌ನದೇ ಅರ್ಜಿ ಇದೆ, ಅದಕ್ಕೂ ಲಿಂಕ್ ಬೇಕು.

ಇ-ಸೇಫ್ಟಿಯವರು ಪೊಲೀಸರಲ್ಲ. ಖಾಸಗಿ ಚಿತ್ರ ಹಾಕಿದವನಿಗೆ ಶಿಕ್ಷೆಯಾಗಬೇಕು, ಅವನು ಊರಿನಲ್ಲಿದ್ದಾನೆ ಎಂದರೆ ಭಾರತದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಮನೆಯವರನ್ನು ಮೈಸೂರು ಅಥವಾ ಮಂಡ್ಯದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಕಳಿಸಿ. ಹೆಂಗಸರ, ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆ ದೂರು ಎಲ್ಲಿಗೆ ಬಂತೆಂದು ಆಮೇಲೆ ನೋಡಲಾಗದು.