ಸೋರ್ಸ್‌ನಿಂದ ತಂತ್ರಾಂಶ ಕಟ್ಟುವುದು: ಎಡವುವುದು ಕಾನ್ಫಿಗರ್‌ನಲ್ಲೇ

ಮಡಿಕೇರಿಯಲ್ಲಿ ಪರಿಚಯದ ಹುಡುಗರು ಲಿನಕ್ಸ್ ಲ್ಯಾಪ್‌ಟಾಪ್ ಹಿಡಿದು ಬರುವುದು ಒಂದೇ ದೂರಿಗೆ: 'ಅಣ್ಣ, ಸೋರ್ಸ್‌ನಿಂದ ಹಾಕೋಕೆ ಹೋದೆ, ಎರರ್ ಬಂತು.' ಯಾವ ಎರರ್ ಅಂದರೆ ಗೊತ್ತಿಲ್ಲ. ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ಮುಚ್ಚಿಯೇ ಬಂದಿರುತ್ತಾರೆ. ಸೋರ್ಸ್ ಅಂದರೆ ತಂತ್ರಾಂಶದ ಮೂಲ ಕೋಡ್, ಅದನ್ನು ಓಡುವ ರೂಪಕ್ಕೆ ತರುವುದೇ 'ಕಟ್ಟುವುದು'.

ಬೇಕಾದದ್ದು ಆಪ್ಟ್‌ನಲ್ಲೇ (ಉಬುಂಟು, ಡೆಬಿಯನ್‌ನಲ್ಲಿ ಸಿದ್ಧ ತಂತ್ರಾಂಶ ಹಾಕಿಕೊಡುವ ಸಾಧನ) ಸಿಕ್ಕರೆ ಅದನ್ನೇ ಹಾಕಿಕೊಳ್ಳಿ, ಸುಮ್ನೆ ಕಷ್ಟಪಡಬೇಡಿ. ಅಲ್ಲಿಲ್ಲ, ಅಥವಾ ಅಲ್ಲಿರುವುದು ತೀರಾ ಹಳೆಯದು ಅಂದರೆ ಮಾತ್ರ ಮುಂದೆ ಓದಿ.

ಉಬುಂಟು, ಡೆಬಿಯನ್‌ನಲ್ಲಿ 'ಬಿಲ್ಡ್-ಎಸೆನ್ಷಿಯಲ್' ಹಾಕಿದರೆ ಕೋಡ್ ಅನುವಾದಿಸುವ ಜಿಸಿಸಿ, ಕಟ್ಟುವ ಕೆಲಸ ನಡೆಸುವ ಮೇಕ್ ಎರಡೂ ಬರುತ್ತವೆ. ಲೈಬ್ರರಿಗಳು ಎಲ್ಲಿವೆ ಎಂದು ಹೇಳುವ 'ಪಿಕೆಜಿ-ಕಾನ್ಫಿಗ್' ಕೂಡ ಹಾಕಿ. ಟಾರ್ ಕಡತವನ್ನು (ಸೋರ್ಸ್ ಕಡತಗಳ ಕಟ್ಟು) ತಂತ್ರಾಂಶದ ಸ್ವಂತ ತಾಣದಿಂದ ಇಳಿಸಿ, ಬಿಚ್ಚಿ, ರೀಡ್‌ಮಿ ಓದಿ. ಕೆಲವು ತಂತ್ರಾಂಶಗಳಿಗೆ ಕಾನ್ಫಿಗರ್ (ಕಟ್ಟಲು ಬೇಕಾದದ್ದೆಲ್ಲ ಇದೆಯಾ ಎಂದು ಪರೀಕ್ಷಿಸುವ ಸ್ಕ್ರಿಪ್ಟ್) ಇರುವುದಿಲ್ಲ, ಅದೇ ಕೆಲಸಕ್ಕೆ ಸಿಮೇಕ್ ಅಥವಾ ಮೆಸಾನ್ ಬೇಕು. ಅದು ಗೊತ್ತಾಗುವುದು ಅಲ್ಲೇ.

ಈಗ ಕಾನ್ಫಿಗರ್. ಹೆಸರಿಗೆ ಮೊದಲು ಚುಕ್ಕಿ, ಓರೆಗೆರೆ ಹಾಕಿಯೇ (./configure) ಓಡಿಸಿ. 'ಝಡ್‌ಲಿಬ್ (ಒಂದು ಲೈಬ್ರರಿ) ಇಲ್ಲ' ಅಂತ ಅದು ನಿಲ್ಲುತ್ತದೆ ಅನ್ನಿ. 'ಇದೆಯಲ್ಲಾ ಅಣ್ಣ, ನೋಡಿ' ಅಂತ ಹುಡುಗರು ವಾದ ಮಾಡುತ್ತಾರೆ. ಇರುವುದು ಓಡಿಸಲು ಬೇಕಾದ ಭಾಗ. ಕಟ್ಟಲು ಬೇಕಾದ ಹೆಡರ್ ಕಡತಗಳು ಬೇರೆ ಪ್ಯಾಕೇಜ್‌ನಲ್ಲಿವೆ, ಅದರ ಹೆಸರಿನ ಕೊನೆಗೆ 'ಡೆವ್' ಇರುತ್ತದೆ. ಫೆಡೋರಾದಲ್ಲಾದರೆ 'ಡೆವೆಲ್'. ಮನೆಯಲ್ಲಿ ಅಕ್ಕಿ ಮೂಟೆ ಇದ್ದರೂ ತರಿ ಮಾಡಿಸದೆ ಕಡಂಬುಟ್ಟು ಆಗುತ್ತದಾ?

ಕಾರಣ ತಿಳಿಯದಿದ್ದರೆ ಕಾನ್ಫಿಗರ್ ಬರೆದಿಟ್ಟ 'ಕಾನ್ಫಿಗ್ ಡಾಟ್ ಲಾಗ್' ಕಡತ ತೆರೆಯಿರಿ. ನೇರ ಕೊನೆಗೆ ಹಾರಬೇಡಿ, ಅಲ್ಲಿ ಬರೀ ವೇರಿಯೆಬಲ್‌ಗಳ ಪಟ್ಟಿ. 'ಕ್ಯಾಶ್ ವೇರಿಯೆಬಲ್ಸ್' ಎಂಬ ತಲೆಬರಹ ಹುಡುಕಿ, ಅದರ ಸ್ವಲ್ಪ ಮೇಲೆ ನೋಡಿ. ನಿಜವಾದ ಎರರ್ ಅಲ್ಲಿದೆ. ಇನ್ನೂ ಮೇಲಿನ ಎರರ್‌ಗಳಿಗೆ ಹೆದರಬೇಡಿ, ಅವು ಬಹುತೇಕ ಮಾಮೂಲಿ ಪರೀಕ್ಷೆಗಳು.

ಸಿಕ್ಕಸಿಕ್ಕ ತಾಣದಿಂದ ಲೈಬ್ರರಿ ಕಡತ ಇಳಿಸಿ ಸಿಸ್ಟಮ್ ಫೋಲ್ಡರಿಗೆ ತುರುಕುವವರನ್ನೂ ನೋಡಿದ್ದೇನೆ. ಆಮೇಲೆ ಲಿನಕ್ಸನ್ನೇ ಹೊಸದಾಗಿ ಹಾಕಿಕೊಂಡರು.

ಕಾನ್ಫಿಗರ್ ಎರರ್ ಇಲ್ಲದೆ ಮುಗಿದರೂ ಕೊನೆಯ ಸಾರಾಂಶ ಓದಿ. ನಿಮಗೆ ಬೇಕಾದ ಸೌಲಭ್ಯದ ಎದುರು 'ನೋ' ಇದ್ದರೆ ಅದರ ಡೆವ್ ಹಾಕಿ ಮತ್ತೆ ಓಡಿಸಿ. ಕಾನ್ಫಿಗರ್ ಓಡಿಸುವಾಗಲೇ 'ಪ್ರಿಫಿಕ್ಸ್' (ಎಲ್ಲಿ ಹಾಕಬೇಕೆಂಬ ಸೂಚನೆ) ಕೊಟ್ಟು ನಿಮ್ಮ ಹೋಮ್ ಫೋಲ್ಡರಿನ 'ಡಾಟ್ ಲೋಕಲ್'ಗೆ ತಿರುಗಿಸಿ. ಆಗ ತಂತ್ರಾಂಶ ಹಾಕಲು ಸುಡೊ (ನಿರ್ವಾಹಕನ ಅಧಿಕಾರ) ಬೇಡವೇ ಬೇಡ.

ಮೇಕ್ ಸುಲಭ. ರ್‍ಯಾಮ್ 4 ಜಿಬಿ ಇದ್ದರೆ 'ಜೆ 2' (ಒಮ್ಮೆಗೆ ಎರಡು ಕೆಲಸ) ಸಾಕು, ಜಾಸ್ತಿ ಆಸೆ ಬೇಡ. ಕಕ್ಕಡದ ಮಳೆಗೆ ಕರೆಂಟ್ ಹೋಗಿ, ಬ್ಯಾಟರಿಯೂ ಸತ್ತಿತಾ? ಮತ್ತೆ ಮೇಕ್ ಕೊಡಿ. ಅದು ಕಡತಗಳ ಸಮಯ ನೋಡಿ ಉಳಿದದ್ದನ್ನಷ್ಟೇ ಕಟ್ಟುತ್ತದೆ. ಅರ್ಧ ಬರೆದ ಕಡತ ಉಳಿದು ವಿಚಿತ್ರ ಎರರ್ ಬಂದರೆ 'ಮೇಕ್ ಕ್ಲೀನ್' ಮಾಡಿ ಮೊದಲಿಂದ ಶುರು ಮಾಡಿ.

ಆಮೇಲೆ 'ಮೇಕ್ ಇನ್‌ಸ್ಟಾಲ್'. ಸೋರ್ಸ್ ಫೋಲ್ಡರ್ ಅಳಿಸಬೇಡಿ, 'ಮೇಕ್ ಅನ್‌ಇನ್‌ಸ್ಟಾಲ್' ಇರುವ ತಂತ್ರಾಂಶವಾದರೆ ತೆಗೆಯಲು ಅದೇ ಬೇಕು. ಹಾಕಿದ್ದನ್ನು ಓಡಿಸುವಾಗ 'ಕಮಾಂಡ್ ಸಿಗಲಿಲ್ಲ' ಅಂದರೆ ಉಬುಂಟುವಿನಲ್ಲಿ ಒಮ್ಮೆ ಲಾಗೌಟ್ ಆಗಿ ಬನ್ನಿ. ಆಗಲೂ ಸಿಗದಿದ್ದರೆ ನನ್ನ ಹತ್ತಿರ ತನ್ನಿ, ಟರ್ಮಿನಲ್ ಮಾತ್ರ ಮುಚ್ಚಬೇಡಿ.